ಚಕ್ರದ ಹಿಂದಿನ ಕಲ್ಲು

ಅವರ ಎಡಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನ ಚೂರಿನಂತಿತ್ತು. ದಪ್ಪ, ಹಳದಿ, ತುದಿ ಮಾತ್ರ ಕಪ್ಪು. ಉಳಿದ ಒಂಬತ್ತು ಉಗುರುಗಳನ್ನು ಶುಕ್ರವಾರಕ್ಕೊಮ್ಮೆ ತೆಗೆಯುತ್ತಿದ್ದರು. ಅದೊಂದನ್ನು ಬೆಳೆಯಲು ಬಿಟ್ಟಿದ್ದರು. ಯಾವ ಕಬ್ಬಿಣದ ತುಂಡು ಕೈಗೆ ಬಂದರೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಮುಖ ಬೇರೆ ಕಡೆ ತಿರುಗಿಸಿ ಆ ಉಗುರನ್ನು ಅದರ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ಉಗುರು ಅಲ್ಲಿ ತಡೆದು ನಿಲ್ಲುತ್ತಿತ್ತು. “ಕಣ್ಣು ಸುಳ್ಳ ಹೇಳ್ತೈತಿ” ಎನ್ನುತ್ತಿದ್ದರು. “ಗಿರಾಕಿ ಅಂತೂ ಹೇಳೇ ಹೇಳ್ತಾನ.”

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ಸಿಂಧನೂರಿನ ರಸ್ತೆ ಹಿಡಿದು ಕೂಗಳತೆ ನಡೆದರೆ ಅವರ ತಗಡಿನ ಶೆಡ್ಡು ಸಿಗುತ್ತಿತ್ತು. ಗಾಡಿಯ ಅಚ್ಚು, ನೀರೆತ್ತುವ ಇಂಜಿನು, ಲಾರಿ, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು. ಊರವರು ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು. ಎದುರಿಗೆ ಉಸ್ತಾದ್.

ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆ ಆದ ಮರುವರ್ಷ ಅವರು ಮಸ್ಕಿಗೆ ಬಂದರು. ಒಂದು ಪೆಟ್ಟಿಗೆ ಸಾಮಾನು, ಒಂದು ಕಂಬಳಿ, ಹಿಂದೆ ಮುಂದೆ ಯಾರೂ ಇಲ್ಲ. ರಜಾಕಾರರ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವರು ಇವರೇ ಎಂದು ಒಬ್ಬರು ಹೇಳಿದರು. ಹೈದರಾಬಾದಿನ ಯಾವುದೋ ನವಾಬರ ಮೋಟಾರು ನಡೆಸುತ್ತಿದ್ದರು ಎಂದು ಇನ್ನೊಬ್ಬರು. ಗಲಾಟೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡು ಬಂದಿದ್ದಾರೆ ಎಂದು ಮತ್ತೊಬ್ಬರು. ನಾನು ಈ ಮೂರನ್ನೂ ಬೇರೆ ಬೇರೆ ದಿನ ನಂಬಿದ್ದೆ. ಕೇಳಿದರೆ ಅವರು, “ಬಸ್ಸಿನಾಗ ಬಂದೀನಿ” ಎಂದಷ್ಟೇ ಹೇಳುತ್ತಿದ್ದರು.

ನಾನು ಲಡಾಯಿಯ ಕಾಲದಲ್ಲಿ ಫೌಜಿನಲ್ಲಿ ಲಾರಿ ನಡೆಸಿ ಬಿಡುಗಡೆಯಾಗಿ ಬಂದವನು. ಐದಕ್ಕೆ ಏಳುವುದು, ಐದೂವರೆಗೆ ಗಾಡಿಯ ನೀರು ಎಣ್ಣೆ ನೋಡುವುದು, ಆರಕ್ಕೆ ಹೊರಡುವುದು. ಅಲ್ಲಿ ಕಲಿತದ್ದು ಇಷ್ಟೇ. ಆದರೆ ಚೆನ್ನಾಗಿ ಕಲಿತಿದ್ದೆ. ಕಾಲುವೆಗೆ ನೀರು ಬಿಟ್ಟ ಮೇಲೆ ತುರ್ವಿಹಾಳದ ಗೌಡರೊಬ್ಬರು ಬಳಗಾನೂರಿನ ಕಡೆಯ ತಮ್ಮ ಒಣಭೂಮಿಯನ್ನು ಭತ್ತಕ್ಕೆ ಸಮ ಮಾಡಿಸಲು ಒಂದು ಹಳೆಯ ಟ್ರ್ಯಾಕ್ಟರು ತಂದರು. ಕಾಲುವೆಯ ಗುತ್ತಿಗೆದಾರರೊಬ್ಬರು ದುಡಿಸಿ ಬಿಟ್ಟಿದ್ದ ಗಾಡಿ ಅದು. ಅದು ಯಾವ ದೇಶದ್ದೆಂದು ಹೇಳುವ ಹಿತ್ತಾಳೆಯ ಪಟ್ಟಿಯನ್ನೂ ಯಾರೋ ಕಿತ್ತುಕೊಂಡು ಹೋಗಿದ್ದರು. ನಾನು ಅದರ ಡ್ರೈವರ್ ಆದೆ.

ಆ ಟ್ರ್ಯಾಕ್ಟರಿಗಿದ್ದ ದೊಡ್ಡ ಕಾಯಿಲೆ ಬ್ರೇಕಿನ ಬೀಗದ್ದು. ಬ್ರೇಕು ತುಳಿದು ಪಕ್ಕದ ಸಣ್ಣ ಹಿಡಿಕೆಯನ್ನು ಎಳೆದರೆ ಒಂದು ಕೊಂಡಿ ಬಂದು ಹಲ್ಲುಪಟ್ಟಿಯ ಹಲ್ಲುಗಳ ನಡುವೆ ಕೂರಬೇಕು. ಆಗ ಕಾಲು ತೆಗೆದರೂ ಬ್ರೇಕು ತುಳಿದಂತೆಯೇ ಇರುತ್ತದೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಮ್ಮದರ ಕೊಂಡಿ ಸವೆದಿತ್ತು. ಕೂತಂತೆ ಮಾಡಿ ಜಾರುತ್ತಿತ್ತು. ಗೌಡರು ಮಸ್ಕಿಗೆ ಒಯ್ಯಲು ಹೇಳಿದರು.

ಮಿಸ್ತ್ರಿ ಶೆಡ್ಡಿನ ಹೊರಗೇ ನಿಲ್ಲಿಸಿ, ಬೀಗ ಎಷ್ಟು ದಿನದಿಂದ ಬಿಡುತ್ತಿದೆ ಎಂದು ಕೇಳಿದರು. ನಾಲ್ಕು ದಿನ ಎಂದೆ. ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ ಬಂದು ಅದನ್ನೇ ಕೇಳಿದರು. ನಾಲ್ಕು ದಿನ ಎಂದೆ. ಒಳಗೆ ಹೋಗಿ ನೀರು ಕುಡಿದು ಬಂದು ಮೂರನೆಯ ಸಲ ಕೇಳಿದರು. ನಾಲ್ಕು ದಿನ.

“ಮೂರು ಸಲಾನೂ ನಾಕ ದಿನಾನ ಅಂದಿ” ಎಂದರು. “ಬಾಯಿಪಾಠ ಮಾಡ್ಕೊಂಡ ಬಂದಂಗ ಕಾಣಿಸ್ತೈತಿ, ಫೌಜಿ.”

ಅಂದಿನಿಂದ ನಾನು ಅವರಿಗೆ ಫೌಜಿ. ಬೀಗದ ಭಾಗಗಳನ್ನು ಬಿಚ್ಚಿಕೊಂಡು ಒಳಗೆ ಹೋದರು. ನಾನೂ ಹಿಂದೆ ಹೋದೆ. ಅವರು ಗೋಣಿತಟ್ಟಿನ ಪರದೆಯೊಂದನ್ನು ಎಳೆದು ನನ್ನನ್ನು ಹೊರಗೆ ಕೂರಿಸಿದರು. ಆ ಪರದೆ ಎಲ್ಲರಿಗೂ ಇತ್ತು. ಕುಲುಮೆಯ ಉಸಿರು, ಸುತ್ತಿಗೆಯ ಸದ್ದು, ಬಹಳ ಹೊತ್ತು ಅರದ ಸದ್ದು, ಆಮೇಲೆ ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದ ಸದ್ದು. ನನಗೆ ಕೇಳಿಸಿದ್ದು ಇಷ್ಟು. ಮಧ್ಯಾಹ್ನದ ಹೊತ್ತಿಗೆ ಬೀಗ ಗಟ್ಟಿಯಾಗಿ ಕೂರುತ್ತಿತ್ತು. ಏನು ಮಾಡಿದಿರಿ ಎಂದು ಕೇಳಿದೆ. ಮಾಡುವುದನ್ನು ಮಾಡಿದ್ದೇನೆ ಎಂದರು. ಇನ್ನು ಮುಂದೆ ನಾನು ಏನು ನೋಡಿಕೊಳ್ಳಬೇಕು ಎಂದೆ.

“ಟ್ರ್ಯಾಕ್ಟರ್ ಹೊಡಿಯೋದು ನೋಡ್ಕೊ” ಎಂದರು.

ಆ ಉತ್ತರ ನನಗೆ ಸೇರಲಿಲ್ಲ. ಯಾರಿಗೂ ತೋರಿಸದೆ ಮಾಡಿದ ಕೆಲಸದಲ್ಲಿ ಏನೋ ಕಳ್ಳತನ ಇರಬೇಕು ಎಂದುಕೊಂಡೇ ಊರಿಗೆ ಬಂದೆ. ಆದರೂ ರಿಪೇರಿಯಾದ ಭಾಗಕ್ಕೆ ಕೊಡಬೇಕಾದ ಮರ್ಯಾದೆ ಕೊಟ್ಟೆ. ಬೆಳಗಿನ ಎಣ್ಣೆಗೆ ಹನ್ನೆರಡು ಜಾಗ ಗೊತ್ತುಮಾಡಿದ್ದೆ. ಬೀಗವನ್ನು ಹದಿಮೂರನೆಯದಾಗಿ ಸೇರಿಸಿದೆ. ದಿನವೂ ಐದೂವರೆಗೆ ಕೊಂಡಿಗೆ ಎರಡು ಹನಿ, ಹಲ್ಲುಪಟ್ಟಿಗೆ ಎರಡು ಹನಿ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೊಲದಿಂದ ಕಾಲುವೆಯ ಒಡ್ಡಿಗೆ ಏರುವ ಇಳಿಜಾರಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿದೆ. ಬ್ರೇಕು ತುಳಿದೆ. ಬೀಗ ಎಳೆದೆ. ಇಂಜಿನು ಆರಿಸಿ ಇಳಿದು ಕಾಲುವೆಗೆ ಕೈ ತೊಳೆಯಲು ಹೋದೆ. ಹೊಲದಲ್ಲಿ ಕಲ್ಲು ಆರಿಸುತ್ತಿದ್ದ ಹೆಣ್ಣಾಳುಗಳು ಜಾಲಿಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಅವರಲ್ಲಿ ಹುಲಿಗೆವ್ವ ಎಂಬಾಕೆ ಮಾತ್ರ, ಜಾಲಿಯ ನೆರಳು ತೂತುಬಿದ್ದ ನೆರಳೆಂದು ಬೈದು, ಟ್ರ್ಯಾಕ್ಟರಿನ ದೊಡ್ಡ ಚಕ್ರದ ಹಿಂದೆ ಕಾಲು ಚಾಚಿ ಕುಳಿತಳು. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಚೀರಿದ್ದು ಕೇಳಿತು. ಟ್ರ್ಯಾಕ್ಟರು ಎರಡು ಮಾರು ಹಿಂದಕ್ಕೆ ಹೋಗಿ ಬದುವಿಗೆ ತಾಗಿ ನಿಂತಿತ್ತು. ಅವಳು ಹೊರಳಿದ್ದರಿಂದ ಜೀವ ಉಳಿಯಿತು. ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ. ಲಿಂಗಸೂಗೂರಿನ ದವಾಖಾನೆಯಲ್ಲಿ ಎಂಟು ದಿನ ಇದ್ದಳು.

ಗೌಡರು ನನ್ನನ್ನು ಕರೆಸಿದರು. ಬೀಗ ಹಾಕಿದ್ದೆಯಾ ಎಂದು ಕೇಳಿದರು. ಹಾಕಿದ್ದೆ ಎಂದೆ.

“ಹಾಕಿದ್ರ ಹೆಂಗ ಬಿಡ್ತು?” ಎಂದರು. “ನೀ ಹಾಕಿಲ್ಲ, ಇಲ್ಲಾ ಆ ಮಿಸ್ತ್ರಿ ಸರಿ ಮಾಡಿಲ್ಲ. ಎರಡರಾಗ ಒಂದು. ಹುಲಿಗೆವ್ವ ಬರಲಿ, ಆಕಿ ಮುಂದ ತೀರ್ಮಾನ ಮಾಡೂಣು.”

ತೀರ್ಮಾನ ಏನೆಂಬುದು ಮೊದಲೇ ಗೊತ್ತಿತ್ತು. ತಪ್ಪು ನನ್ನದಾದರೆ ನಾನು ಟ್ರ್ಯಾಕ್ಟರಿನಿಂದ ಇಳಿಯಬೇಕು. ಆಗ ಸುತ್ತಿನ ಊರುಗಳಲ್ಲಿ ಟ್ರ್ಯಾಕ್ಟರುಗಳು ಬೆರಳೆಣಿಕೆಯಷ್ಟು. ಹೆಂಗಸಿನ ಕಾಲಿನ ಮೇಲೆ ಗಾಡಿ ಬಿಟ್ಟವನನ್ನು ಯಾರೂ ಹತ್ತಿಸುತ್ತಿರಲಿಲ್ಲ. ತಪ್ಪು ಮಿಸ್ತ್ರಿಯದಾದರೆ ಗೌಡರ ಒಂದು ಮಾತಿಗೆ ಕಾಲುವೆಯ ಉದ್ದಕ್ಕೂ ಅವರಿಗೆ ಕೆಲಸ ನಿಲ್ಲುತ್ತಿತ್ತು. ಹೊರಡುವಾಗ ಗೌಡರು ನನ್ನನ್ನು ಪಕ್ಕಕ್ಕೆ ಕರೆದು ದನಿ ಇಳಿಸಿ ಹೇಳಿದರು:

“ಅವನ ಮ್ಯಾಲ ಹೇಳಿಬಿಡಲೇ. ಎಲ್ಲಿಂದ ಬಂದಾನೋ, ಏನ ಮಾಡಿ ಬಂದಾನೋ. ಅವನ ಪರವಾಗಿ ಯಾರೂ ಬರಂಗಿಲ್ಲ.”

ನಾನು ಹೂಂ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಬೀಗ ಹಾಕಿದ್ದು ನಿಜ. ಹಾಕಿದ ಬೀಗ ಬಿಟ್ಟಿದ್ದರೆ ತಪ್ಪು ರಿಪೇರಿಯದೇ ಎಂದು ಮನಸ್ಸಿಗೆ ಹೇಳಿಕೊಂಡೆ. ಆ ಪರದೆಯನ್ನು ನೆನೆದಷ್ಟೂ ಅದು ನಿಜವೆನಿಸುತ್ತಿತ್ತು.

ಸುದ್ದಿ ಮುಟ್ಟಿದ ಮರುದಿನವೇ ಮಿಸ್ತ್ರಿ ಬಳಗಾನೂರಿನಲ್ಲಿ ಬಸ್ಸಿಳಿದು, ಸಾಮಾನಿನ ಚೀಲ ಮತ್ತು ಕಂಬಳಿ ಹೊತ್ತು ಹೊಲಕ್ಕೆ ನಡೆದು ಬಂದರು. ಮೂರು ದಿನ ಇಲ್ಲೇ ಇದ್ದು ನೋಡುತ್ತೇನೆ ಎಂದು ಗೌಡರಿಗೆ ಹೇಳಿಕಳಿಸಿದರು. ನಾನು ಬೀಗವನ್ನು ಬಿಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ಅದನ್ನು ಮುಟ್ಟಲೇ ಇಲ್ಲ. ಬೇವಿನ ಮರದ ಕೆಳಗೆ ಬದುವಿನ ಮೇಲೆ ಕುಳಿತು ನನ್ನನ್ನು ನೋಡಿದರು. ಹತ್ತುವುದು, ಇಳಿಯುವುದು, ನಿಲ್ಲಿಸುವುದು, ಉಣ್ಣುವುದು. ಬೀಗ ಹಾಕದೆ ಇಳಿಯುವ ಒಂದು ಗಳಿಗೆಯನ್ನು ಹಿಡಿಯಲು ಕುಳಿತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಂದು ಹೊಲದಲ್ಲಿ ನಿಲ್ಲಿಸಬೇಕಾಗಿಲ್ಲದ ಕಡೆಯೂ ನಿಲ್ಲಿಸಿ, ಅವರಿಗೆ ಕೇಳುವಂತೆ ಬೀಗ ಎಳೆದೆ.

ಎರಡನೆಯ ದಿನ ಬೆಳಿಗ್ಗೆ, ಅವರಿನ್ನೂ ಕಂಬಳಿ ಹೊದ್ದು ಮಲಗಿದ್ದಾಗ, ಎಣ್ಣೆ ಹಾಕಲು ಹೋದರೆ ಹಲ್ಲುಪಟ್ಟಿಯ ಮೇಲೆ ಸುಣ್ಣದ ಒಂದು ಸಣ್ಣ ಗೀಟು ಕಂಡಿತು. ಕೊಂಡಿ ಎಷ್ಟು ಆಳ ಕೂತಿದೆ ಎಂದು ಅಳೆಯಲು ಮಾಡಿದ ಗುರುತು ಎಂದು ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು, ನಾನಿಲ್ಲದಾಗ ಅವರು ಬೀಗಕ್ಕೆ ಏನೋ ಮಾಡುತ್ತಿದ್ದಾರೆ ಎಂದು. ಸಂಜೆ ಹೋಗುವ ಮೊದಲು ಕೊಂಡಿಗೂ ಹಿಡಿಕೆಗೂ ನಡುವೆ ಒಂದು ಕರಿ ದಾರ ಕಟ್ಟಿದೆ. ಯಾರಾದರೂ ಮುಟ್ಟಿದರೆ ಹರಿಯಬೇಕು.

ಮೂರನೆಯ ಬೆಳಿಗ್ಗೆ ಹೋದರೆ ದಾರ ಇದ್ದ ಹಾಗೇ ಇತ್ತು. ಅದರ ಪಕ್ಕದಲ್ಲೇ ಒಂದು ಬಿಳಿ ದಾರವೂ ಇತ್ತು.

“ನಿನ್ನ ಗಂಟಕಿಂತ ನನ್ನ ಗಂಟು ಚಲೋ ಐತಿ ನೋಡು” ಎಂದು ಬದುವಿನ ಮೇಲಿನಿಂದ ಹೇಳಿದರು. ಅವರೂ ನಾನು ಬೀಗ ಮುಟ್ಟುತ್ತೇನೆಂದು ಕಾವಲು ಕಟ್ಟಿದ್ದರು. ನನಗೆ ನಗು ಬರಲಿಲ್ಲ, ಈಗ ಬರುತ್ತದೆ.

ಎರಡೂ ದಾರ ಕಿತ್ತು ನನ್ನ ಕೆಲಸ ಶುರುಮಾಡಿದೆ. ಎಣ್ಣೆಡಬ್ಬಿ ಹಿಡಿದು ಒಂದರಿಂದ ಹನ್ನೆರಡು ಮುಗಿಸಿ ಹದಿಮೂರಕ್ಕೆ ಬಂದೆ. ಹಿಂದೆ ಹೆಜ್ಜೆಯ ಸದ್ದಾಯಿತು.

“ಅಲ್ಲಿಗೂ ಎಣ್ಣಿ ಹಾಕ್ತೀಯೇನು?”

“ದಿನಾ ಹಾಕ್ತೀನಿ ಉಸ್ತಾದ್. ನೀವು ಮಾಡಿಕೊಟ್ಟಾಗಿಂದ ಒಂದ ದಿನಾನೂ ಬಿಟ್ಟಿಲ್ಲ” ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಮುಂದೆ ಬಂದು, ಮುಖ ತಿರುಗಿಸಿ, ಹೆಬ್ಬೆರಳಿನ ಉಗುರನ್ನು ಹಲ್ಲುಗಳ ನಡುವೆ ಇಳಿಸಿ ಕೆರೆದರು. ಉಗುರಿನ ತುದಿಗೆ ಕರಿ ಅಂಟೊಂದು ಬಂತು. ಮತ್ತೆ ಕೆರೆದರು. ಈ ಸಲ ಹೆಂಚಿನ ಚೂರಿನಂತೆ ಗಟ್ಟಿಯಾದದ್ದು ಕಳಚಿತು. ನಮ್ಮ ಎರೆಮಣ್ಣಿನ ಧೂಳು ನನ್ನ ಎಣ್ಣೆಯಲ್ಲಿ ಕಲೆತು, ಬಿಸಿಲಿಗೂ ಇಂಜಿನಿನ ಕಾವಿಗೂ ಸುಟ್ಟು, ಹಲ್ಲುಗಳ ತಳದಲ್ಲಿ ಮೆತ್ತಿಕೊಂಡಿತ್ತು. ಮೇಲೆ ನೋಡಿದರೆ ಹಲ್ಲುಪಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕೊಂಡಿ ತಳಕ್ಕೆ ಮುಟ್ಟದೆ ಅರ್ಧದಲ್ಲೇ ಕೂರುತ್ತಿತ್ತು. ಇಳಿಜಾರಿನ ಭಾರ ಬಿದ್ದಾಗ ಅದೇ ಎಣ್ಣೆಯ ಮೇಲೆ ಜಾರಿತ್ತು.

ವಿವರಿಸುವ ಅಗತ್ಯ ಬೀಳಲಿಲ್ಲ. ನನ್ನ ಕೈಯಲ್ಲಿ ಎಣ್ಣೆಡಬ್ಬಿ ಇನ್ನೂ ಇತ್ತು. ಮಿಸ್ತ್ರಿ ಆ ಚೂರನ್ನು ಒಂದು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ನನ್ನ ಕೆಲಸ ಆ ಜೇಬಿನಲ್ಲಿ ಹೋಯಿತು ಎಂದುಕೊಂಡೆ. ನಾಳೆ ಗೌಡರ ಮುಂದೆ ಏನು ಹೇಳುತ್ತೀರಿ ಎಂದು ಕೇಳಿದೆ.

“ನೀ ಏನ ಹೇಳ್ತಿ?”

ನಾನು ಎಣ್ಣೆಡಬ್ಬಿಯನ್ನು ಸೀಟಿನ ಕೆಳಗೆ ಇಟ್ಟೆ.

“ಹಂಗಾದ್ರ ನಾನೂ ನಾಳೇನ ಹೇಳ್ತೀನಿ” ಎಂದು ಬದುವಿಗೆ ಹೋಗಿ ಕುಳಿತರು.

ಮರುದಿನ ಗೌಡರು ಹೊಲದಲ್ಲೇ, ಅದೇ ಇಳಿಜಾರಿನ ಹತ್ತಿರ ಕಂಬಳಿ ಹಾಸಿ ಕುಳಿತರು. ಹುಲಿಗೆವ್ವ ಚಕ್ಕಡಿಯಲ್ಲಿ ಬಂದಳು. ಕಾಲಿಗೆ ಬಟ್ಟೆ ಸುತ್ತಿತ್ತು. ಅವಳನ್ನು ಕೇಳಿದಾಗ, ಚಕ್ರ ಸರಿಯುವ ಮೊದಲು ‘ಟಕ್’ ಎಂದು ಸದ್ದು ಕೇಳಿತು ಎಂದಳು. ಬೀಗ ಹಾಕದಿದ್ದರೆ ಆ ಸದ್ದು ಬರುವಂತಿಲ್ಲ. ಗೌಡರು ತಲೆಯಾಡಿಸಿ ನನ್ನ ಕಡೆ ತಿರುಗಿದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗ ಹಾಕಿದ್ದೆ, ಅದು ಬಿಟ್ಟಿತು. ಅದು ಸುಳ್ಳೂ ಆಗುತ್ತಿರಲಿಲ್ಲ. ಎಣ್ಣೆಯ ಮಾತು ಹೇಳುವುದಕ್ಕೂ ಒಂದೇ ಮಾತು ಸಾಕಿತ್ತು. ನಾನು ಎರಡನ್ನೂ ಹೇಳದೆ ಫೌಜಿನಲ್ಲಿ ನಿಲ್ಲುವಂತೆ ಸೆಟೆದು ನಿಂತೆ.

ಮಿಸ್ತ್ರಿ ಜೇಬಿನಿಂದ ಕಾಗದ ತೆಗೆದು ಗೌಡರ ಮುಂದೆ ಬಿಚ್ಚಿದರು.

“ಬೀಗ ಹಾಕಿದ್ದು ಖರೆ. ಬಿಟ್ಟದ್ದೂ ಖರೆ. ಇವಾ ದಿನಾ ಎಣ್ಣಿ ಹಾಕ್ಯಾನ, ಎಣ್ಣಿಗೆ ಮಣ್ಣು ಕುಂತೈತಿ. ಆ ಜಾಗಾ ಒಣಾ ಇರಬೇಕ್ರಿ. ಎಣ್ಣಿ ಹಾಕಬ್ಯಾಡ ಅಂತ ನಾ ಹೇಳಬೇಕಿತ್ತು, ಹೇಳಲಿಲ್ಲ.”

ಮರೆತೆಯಾ ಎಂದು ಗೌಡರು ಕೇಳಿದರು.

“ಮರ್ತಿಲ್ರೀ. ಇವಾ ಅವತ್ತ ಕೇಳಿದಾ, ಏನ ನೋಡ್ಕೋಬೇಕು ಅಂತ. ಹೇಳಿಕೊಟ್ರ ನಾಳೆ ತಾನ ಮಾಡ್ಕೋತಾನ, ನನ್ನ ಕಡಿ ಬರಂಗಿಲ್ಲ ಅಂತ ಸಂಶಯ ಬಂತು. ಅದಕ್ಕ ಮುಚ್ಚಿಟ್ಟೆ.”

ಗೌಡರು ಹುಡುಕುತ್ತಿದ್ದ ತಪ್ಪು ಅವರ ಕೈಗೇ ಬಂದಿತ್ತು. ಆದರೆ ಅದನ್ನು ತಂದು ಕೊಟ್ಟವನ ಮೇಲೆ ಹೇಗೆ ಎತ್ತಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ಆಗ ನಾನು ಎಣ್ಣೆ ಹಾಕಿದ್ದು ನನ್ನ ಬುದ್ಧಿಯಿಂದಲೇ, ಯಾರೂ ಹೇಳಿರಲಿಲ್ಲ ಎಂದೆ. ತಡವಾಗಿ ಬಂದ ಮಾತು. ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಮಾತು ಮುಗಿಸಿದವಳು ಹುಲಿಗೆವ್ವ. “ಒಬ್ಬಾವ ಹೇಳಲಿಲ್ಲ, ಒಬ್ಬಾವ ಕೇಳದ ಹಾಕಿದಾ. ಇಬ್ಬರೂ ಕೂಡಿ ನನ್ನ ಎರಡು ಬೆಳ್ಳ ತಿಂದ್ರಿ. ಯಾರನ್ನ ಓಡಿಸಿದ್ರ ನನಗೇನ ಬಂತ್ರೀ ಗೌಡ್ರ? ಇಬ್ಬರೂ ಇಲ್ಲೇ ಕುಂತು ಸರಿ ಮಾಡ್ಲಿ. ನಾ ನೋಡ್ತೀನಿ. ನಾಳೆ ಮತ್ತ ಇದರ ಹಿಂದ ಕಲ್ಲು ಆರಿಸಾಕಿ ನಾನಽ.”

ಗೌಡರು ಒಪ್ಪಿದರು. ಪರದೆ ಇಲ್ಲದೆ ಮಾಡಬೇಕು ಎಂದು ಮಾತ್ರ ಸೇರಿಸಿದರು.

ಹೀಗೆ ಆ ಬೀಗದ ರಿಪೇರಿ ಬಯಲಿನಲ್ಲಿ ನಡೆಯಿತು. ಚಿಮಣಿ ಎಣ್ಣೆಯಲ್ಲಿ ಹಲ್ಲುಪಟ್ಟಿಯನ್ನು ನೆನೆಸಿ, ನನ್ನ ಕೈಯಿಂದಲೇ ಪ್ರತಿ ಹಲ್ಲಿನ ತಳವನ್ನು ತಂತಿಯಿಂದ ಕೆರೆಸಿದರು. ಒರೆಸಿ ಬಿಸಿಲಿಗೆ ಒಣಗಿಸಿದೆವು. ಕೊಂಡಿಯ ತುದಿಯನ್ನು ಅರದಿಂದ ಸ್ವಲ್ಪ ಒಳಬಾಗುವಂತೆ ಉಜ್ಜುತ್ತ, ಹೀಗಿದ್ದರೆ ಭಾರ ಬಿದ್ದಷ್ಟೂ ಅದು ಹೊರಗೆ ಜಾರದೆ ಒಳಗೆ ಕಚ್ಚುತ್ತದೆ ಎಂದು ತೋರಿಸಿದರು. ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು, ಅಕ್ಕಪಕ್ಕ ನೋಡುತ್ತಿದ್ದರು. ಮುಚ್ಚಿಟ್ಟು ರೂಢಿಯಾದ ಬಾಯಿ. ಸಡಿಲವಾಗಿದ್ದ ಸ್ಪ್ರಿಂಗು ತೆಗೆದು ಬಿರುಸಾದದ್ದನ್ನು ಹಾಕಿದರು. ಕೊನೆಗೆ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಧೂಳು ಬೀಳದಂತೆ ಹಲ್ಲುಪಟ್ಟಿಗೆ ಒಂದು ಮುಚ್ಚಳ ಮಾಡಿದರು. ಆ ಡಬ್ಬಿ ನನ್ನದೇ. ಕೇಳದೆ ಕತ್ತರಿಸಿದರು.

ಟ್ರ್ಯಾಕ್ಟರನ್ನು ಅದೇ ಇಳಿಜಾರಿಗೆ ಏರಿಸಿದೆ. ಬ್ರೇಕು ತುಳಿದು ಬೀಗ ಎಳೆದು ಇಳಿದೆ. ಸರಿಯಾಯಿತು ನೋಡಮ್ಮ ಎಂದು ಗೌಡರು ಹೇಳಿದರು. ಹುಲಿಗೆವ್ವ ಕದಲಲಿಲ್ಲ.

“ಕಾಕಾ, ನೀವು ಕುಂದರ್ರಿ ಮೊದಲ” ಎಂದಳು.

ಮಿಸ್ತ್ರಿ ಹೋಗಿ ದೊಡ್ಡ ಚಕ್ರದ ಹಿಂದೆ, ಅವಳು ಕುಳಿತಿದ್ದ ಜಾಗದಲ್ಲೇ, ಕಾಲು ಚಾಚಿ ಕುಳಿತರು. ಬೀಡಿ ಹಚ್ಚಿದರು. ನನ್ನ ಕಿವಿ ಆ ‘ಟಕ್’ಗೆ ಕಾಯುತ್ತಿತ್ತು. ಬೀಡಿ ಪೂರ್ತಿ ಮುಗಿಯುವವರೆಗೆ ಅವರು ಏಳಲಿಲ್ಲ. ಒಂದು ಸಲವೂ ತಿರುಗಿ ಚಕ್ರವನ್ನು ನೋಡಲಿಲ್ಲ. ಆಮೇಲೆ ಎದ್ದು, ಧೋತರ ಝಾಡಿಸಿಕೊಂಡು, ಹೆಣ್ಣಾಳುಗಳು ಆರಿಸಿ ಹಾಕಿದ್ದ ಗುಂಪಿನಿಂದ ಒಂದು ಕಲ್ಲು ತಂದು ಚಕ್ರದ ಹಿಂದೆ ಒದ್ದು ಕೂರಿಸಿದರು. ಬೀಗ ಗಟ್ಟಿ ಇದೆಯಲ್ಲ, ಕಲ್ಲೇಕೆ ಎಂದು ಕೇಳಿದೆ.

“ಬೀಗ ಮಾಡಿದಾವ ನಾನಽ ಅಲ್ಲೇನು?” ಎಂದರು. “ಅದಕ್ಕಽ.”

ಅಂದಿನಿಂದ ಅವರು ಪರದೆ ಹಾಕಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೇರೆಯವರಿಗೆ ಹಾಕುತ್ತಲೇ ಇದ್ದರು. ನಾನು ಹೋದರೆ ಅರ್ಧ ಎತ್ತುತ್ತಿದ್ದರು. ಆ ಅರ್ಧದ ಕೆಳಗೆ ಕುಳಿತು ನಾನು ಎರಡು ವರ್ಷದಲ್ಲಿ ಇಂಜಿನು ಬಿಚ್ಚಿ ಕೂಡಿಸುವುದನ್ನು ಕಲಿತೆ. ಮುಂದೆ ನಾನು ಅನ್ನ ತಿಂದದ್ದು ಆ ವಿದ್ಯೆಯಿಂದ. ಕಲಿಸಿದ್ದನ್ನು ಅವರು ಎಂದೂ ನಂಬಿ ಬಿಡಲಿಲ್ಲ. ನಾನು ಬಿಗಿದ ಪ್ರತಿ ಬೋಲ್ಟಿಗೂ ತಮ್ಮ ಪಾನಾ ಹಾಕಿ ತಿರುಗಿಸಿ ನೋಡುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, ಅಂದು ಗೌಡರ ಮುಂದೆ ನನಗಿಂತ ಮೊದಲು ಯಾಕೆ ಮಾತಾಡಿದಿರಿ ಎಂದು ಕೇಳಿದೆ.

“ನೀ ಸುಳ್ಳ ಹೇಳ್ತಿ ಅಂತ ಸಂಶಯ ಇತ್ತು” ಎಂದರು. “ಹೇಳಿದ್ರ ಮತ್ತ ನನ್ನ ಶೆಡ್ಡಿಗೆ ಬರಾಕ ನಿನಗ ಮುಖ ಇರ್ತಿದ್ದಿಲ್ಲ.”

ಆ ಸಂಶಯ ಸರಿಯಾಗಿತ್ತೇ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಸರಿಯಾಗಿರಲಿಲ್ಲ ಎಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕನ್ನಡ ನಾಡು ಒಂದಾದ ವರ್ಷ ಅವರಿಗೆ ಎದೆಯ ಕಾಯಿಲೆಯಾಯಿತು. ಕೊನೆಯ ಸಲ ನೋಡಲು ಟ್ರ್ಯಾಕ್ಟರಿನಲ್ಲೇ ಮಸ್ಕಿಗೆ ಹೋದೆ. ಶೆಡ್ಡಿನ ಮೂಲೆಯಲ್ಲಿ ಅದೇ ಕಂಬಳಿಯ ಮೇಲೆ ಮಲಗಿದ್ದರು. ಇಂಜಿನಿನ ಸದ್ದಿಗೇ ಗುರುತು ಹಿಡಿದಿದ್ದರು.

“ಕಲ್ಲು ಇಟ್ಟೀಯೇನು?”

ಇಟ್ಟಿದ್ದೇನೆ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದರು. ಬೇಡವೆಂದರೂ ಕೇಳದೆ, ಒಂದೊಂದೇ ಹೆಜ್ಜೆ ಬಾಗಿಲವರೆಗೆ ಬಂದು, ಬಗ್ಗಿ, ಚಕ್ರದ ಹಿಂದೆ ನೋಡಿದರು. ಕಲ್ಲು ಇತ್ತು. ಹೂಂ ಎಂದು ಹೋಗಿ ಮಲಗಿದರು.

ಐದನೆಯ ದಿನ ಹೋದರು. ಮಣ್ಣಿಗೆ ಇಟ್ಟ ಖಬರಸ್ತಾನದ ಮುಂದಿನ ರಸ್ತೆ ಸ್ವಲ್ಪ ಇಳಿಜಾರು. ಹುಲಿಗೆವ್ವನನ್ನೂ ಕರೆತಂದಿದ್ದೆ, ಅವಳು ಕುಂಟುತ್ತ ಇಳಿದು ಬೇಲಿಯ ಹೊರಗೆ ನಿಂತಳು. ನಾನು ಬ್ರೇಕು ತುಳಿದು ಬೀಗ ಎಳೆದೆ, ಇಳಿದು ಚಕ್ರದ ಹಿಂದೆ ಕಲ್ಲು ಇಟ್ಟೆ. ಹತ್ತು ಹೆಜ್ಜೆ ಹೋದವನು ನಿಂತೆ. ಮಣ್ಣು ಹಾಕಲು ಜನ ಕಾಯುತ್ತಿದ್ದರು. ತಿರುಗಿ ಬಂದು, ಬಗ್ಗಿ, ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದೆ. ಆಮೇಲೆ ಒಳಗೆ ಹೋದೆ.